ಕಾರ್ಡು ಹಾಕಿದೆ

ನಾಸಿಕ್ ರೋಡಿನಲ್ಲಿ ನೆಲೆಸಿರುವ ಕನ್ನಡದ ಗೃಹಿಣಿಯೊಬ್ಬರು ಪತ್ರ ಬರೆದು ಒಂದು ತಕರಾರು ಮುಂದಿಟ್ಟಿದ್ದಾರೆ. ಅವರ ಮಗಳು ಛತ್ರಪತಿ ಸಂಭಾಜಿನಗರದಲ್ಲಿ ಓದುತ್ತಿದ್ದಾಳೆ. ಅಂತರ್ಜಾಲದಲ್ಲಿ ಪರಿಚಯವಾದ ದೂರದೇಶದ ಗೆಳತಿಯರಿಗೆ ಚಿತ್ರದ ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿ, ಅವರಿಂದ ಪಡೆಯುವುದು ಅವಳ ಹವ್ಯಾಸ. ಮೊನ್ನೆ ಫೋನಿನಲ್ಲಿ ಅವಳು "ಫಿನ್ಲೆಂಡಿಗೊಂದು ಕಾರ್ಡು ಹಾಕಿದೆ ಅಮ್ಮ, ವೇರೂಳದ ಕೈಲಾಸದ್ದು" ಎಂದಳಂತೆ. ವೇರೂಳ ಎಂದರೆ ಎಲ್ಲೋರ, ಕೈಲಾಸ ಅಲ್ಲಿನ ಗುಡಿ. ತಾಯಿಗೆ ಕಸಿವಿಸಿ. ಸುತ್ತಲಿನ ಮರಾಠಿಯವರು 'ಕಾರ್ಡ್ ಟಾಕಲಂ' ಅನ್ನುತ್ತಾರೆ, ಮಗಳು ಅದನ್ನೇ ಕನ್ನಡಕ್ಕೆ ತಿರುಗಿಸಿ ಆಡುತ್ತಿದ್ದಾಳೆ. ಕನ್ನಡಿಗರು ಕಾರ್ಡು ಕಳಿಸುತ್ತಾರೆ, ಹಾಕುವುದು ಕಸವನ್ನು, ಗೊಬ್ಬರವನ್ನು, ಬಾಗಿಲಿಗೆ ಬೀಗವನ್ನು. ದಯವಿಟ್ಟು ತಿದ್ದಿ ಹೇಳಿ ಎಂದು ಅವರ ಕೋರಿಕೆ. ಪರಭಾಷೆಯ ನಡುವೆ ಮನೆಮಾತನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ತಾಯಿಯ ಬಗ್ಗೆ ನನಗೆ ಗೌರವವಿದೆ. ಆದರೆ ಈ ವ್ಯಾಜ್ಯದಲ್ಲಿ ನಾನು ಮಗಳ ಕಡೆ.

ಮೊದಲು ಮರಾಠಿಯ ಆರೋಪವನ್ನು ಬಗೆಹರಿಸೋಣ. "ಊರು ಮುಟ್ಟಿದ ಕೂಡಲೇ ಒಂದು ಕಾಗದ ಹಾಕು", "ಕ್ಷೇಮಸಮಾಚಾರಕ್ಕೆ ನಾಲ್ಕು ಸಾಲು ಬರೆದು ಹಾಕಿ" — ಇವು ಮರಾಠಿ ಕಿವಿಗೇ ಬೀಳದ ಮೈಸೂರು, ಮಂಡ್ಯ, ಹಾಸನದ ಮನೆಗಳಲ್ಲಿ ತಲೆಮಾರುಗಳಿಂದ ಆಡಿದ ಮಾತುಗಳು. ತಮಿಳರು 'ಲೆಟರ್ ಪೋಡು' ಅನ್ನುತ್ತಾರೆ, ಹಿಂದಿಯವರು 'ಚಿಟ್ಠೀ ಡಾಲ್ನಾ' ಅನ್ನುತ್ತಾರೆ. ಪೋಡು, ಡಾಲ್, ಟಾಕ್, ಹಾಕು: ಒಂದರ ಮುಖ ಇನ್ನೊಂದಕ್ಕಿಲ್ಲ, ಅರ್ಥ ಮಾತ್ರ ಒಂದೇ. ಯಾರೂ ಯಾರಿಂದಲೂ ಪದವನ್ನು ಕಡ ತಂದಿಲ್ಲ. ಹಾಗಾದರೆ ಇಷ್ಟು ಭಾಷೆಗಳು ಕಾಗದದ ಮುಂದೆ ಒಂದೇ ಬಗೆಯ ಕ್ರಿಯಾಪದವನ್ನು ತಂದು ನಿಲ್ಲಿಸಿದ್ದು ಹೇಗೆ? ನನ್ನ ಸಿದ್ಧಾಂತ ಇಷ್ಟೇ: ಆ ಎಲ್ಲ ನಾಡುಗಳ ಬೀದಿಗೂ ಒಂದೇ ಕಾಲದಲ್ಲಿ ಒಂದೇ ವಸ್ತು ಬಂದು ನಿಂತಿತು. ಬಾಯಿ ತೆರೆದ, ಬೀಗ ಹಾಕಿದ, ಕೆಂಪು ಬಣ್ಣದ ಅಂಚೆಪೆಟ್ಟಿಗೆ. ಧಾರವಾಡದ ಕಡೆಯವರಿಗೆ, ನಾಸಿಕದವರಿಗೂ, ಅದು ಟಪಾಲ ಪೆಟ್ಟಿಗೆ. ಹೆಸರು ಬೇರೆಯಾದರೂ ಅದರ ಬಾಯಿಗೆ ಕೈ ಮಾಡುವ ಕೆಲಸ ಒಂದೇ.

ಇದಕ್ಕೆ ಪುರಾವೆ 'ಓಲೆ'ಯಲ್ಲಿದೆ. ಓಲೆಯನ್ನು ಬರೆಯುತ್ತಿದ್ದರು, ಕಳುಹುತ್ತಿದ್ದರು, ಅಟ್ಟುತ್ತಿದ್ದರು. ಓಲೆ 'ಹಾಕಿದರು' ಎಂದು ಯಾರೂ ಹೇಳುವುದಿಲ್ಲ. ಏಕೆಂದರೆ ಓಲೆಗೆ ಓಲೆಕಾರನಿದ್ದ. ಕಣ್ಣೆದುರು ನಿಂತ ಆ ಮನುಷ್ಯನ ಕೈಗೆ ಅದನ್ನು ಕೊಡಬೇಕಿತ್ತು; ಅವನು ಹೊರಟದ್ದನ್ನು ನೋಡಬಹುದಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಏರ್ಪಟ್ಟು 1889ರವರೆಗೆ ತನ್ನ ಕಾಲ ಮೇಲೆ ನಿಂತಿದ್ದ ಮೈಸೂರು ಅಂಚೆಯೂ ಬಹುಕಾಲ ಹೀಗೆ ಕೈಯಿಂದ ಕೈಗೆ ನಡೆದದ್ದೇ. ಹಾಕುವುದು ಸಾಧ್ಯವಾಗಬೇಕಾದರೆ ಪೆಟ್ಟಿಗೆಯೊಂದೇ ಸಾಲದು, ಹಣವೂ ಮೊದಲೇ ಸಂದಾಯವಾಗಿರಬೇಕು. ಪಡೆದವನೇ ದುಡ್ಡು ತೆರುವ ಪದ್ಧತಿ ಇರುವವರೆಗೆ ಕಾಗದವೆಂದರೆ ಒಂದು ಲೇವಾದೇವಿ, ಅದಕ್ಕೆ ಎದುರಿಗೆ ಜನ ಬೇಕು. 1854ರ ಅಕ್ಟೋಬರಿನಲ್ಲಿ ದೇಶಕ್ಕೆಲ್ಲ ಒಂದೇ ಅಂಚೆಚೀಟಿ ಬಂತು; 1879ರ ಜುಲೈ 1ರಂದು ಕಾಲಾಣೆಯ ಕಾರ್ಡು ಬಂತು. ಆಮೇಲೆ ಬಡವನೂ ಯಾರ ಮುಖವನ್ನೂ ನೋಡದೆ, ಯಾರಿಗೂ ಸಲಾಮು ಹೊಡೆಯದೆ, ನಾಲ್ಕು ಸಾಲನ್ನು ಪೆಟ್ಟಿಗೆಯ ಬಾಯಿಗೆ ಇಳಿಬಿಟ್ಟು ಮನೆಗೆ ನಡೆಯಬಹುದಾಯಿತು. ಆ ಹೊಸ ಕೆಲಸಕ್ಕೆ ಕನ್ನಡ ಕೊಟ್ಟ ಹೆಸರು ಹಾಕು. ಪತ್ರ ಬರೆದ ಗೃಹಿಣಿಗೆ ಇದನ್ನು ವಿಶೇಷವಾಗಿ ನೆನಪಿಸಬೇಕು, ಏಕೆಂದರೆ ಹಾಕುವುದಕ್ಕೆ ಬೇಕಾದ ಸರಂಜಾಮು ತಯಾರಾದದ್ದೇ ಅವರ ಊರಿನಲ್ಲಿ. ಮೊದಲು ಲಂಡನ್ನಿನಿಂದ ಬರುತ್ತಿದ್ದ ಅಂಚೆಚೀಟಿಗಳನ್ನು, 1925ರಲ್ಲಿ ನಾಸಿಕ್ ರೋಡಿನಲ್ಲಿ ನೆಲೆಗೊಂಡ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಮರುವರ್ಷದಿಂದ ಅಚ್ಚು ಹಾಕತೊಡಗಿತು. ಅಚ್ಚನ್ನೂ ನಾವು ಹಾಕುತ್ತೇವೆ! ಸ್ವತಂತ್ರ ಭಾರತದ 1949ರ ಚೀಟಿಮಾಲೆಯಲ್ಲಿ ಮೂರು ಪೈಯ ಚೀಟಿಯ ಮೇಲೆ ಅಜಂತೆಯ ಆನೆ ಇತ್ತು, ಆರಾಣೆಯದರ ಮೇಲೆ ವಿಜಾಪುರದ ಗೋಲಗುಮ್ಮಟ. ಕನ್ನಡದ ಹಳ್ಳಿಗಳಿಗೆ ಬಂದ ಕಾರ್ಡುಗಳೂ ಅದೇ ಮುದ್ರಣಾಲಯದಿಂದ ಹೊರಟು ಬಂದವು. ಹೀಗಿರುವಾಗ ಅಲ್ಲಿ ಕೂತು 'ಹಾಕು' ನಮ್ಮದಲ್ಲ ಎನ್ನುವುದು ತವರಿನ ಹಿತ್ತಲಲ್ಲಿ ನಿಂತು ತವರನ್ನು ಮರೆತಂತೆ.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ, ಅದು ನ್ಯಾಯವಾದದ್ದೇ. ಕನ್ನಡದಲ್ಲಿ ಹಾಕದೇ ಉಳಿದದ್ದಾದರೂ ಏನು? ರಂಗೋಲಿ ಹಾಕುತ್ತೇವೆ, ರುಜು ಹಾಕುತ್ತೇವೆ, ಲೆಕ್ಕ, ತಾಳ, ಅಡಿಪಾಯ, ದೃಷ್ಟಿಬೊಟ್ಟು, ಹಸಿದವರಿಗೆ ಊಟ, ಎಲ್ಲವನ್ನೂ ಹಾಕುತ್ತೇವೆ. ಎಲ್ಲಕ್ಕೂ ಸಲ್ಲುವ ಪದ ಕಾಗದಕ್ಕೂ ಸಂದರೆ ಅದಕ್ಕೆ ಪೆಟ್ಟಿಗೆಯ ಕಾರಣ ಯಾಕೆ ಬೇಕು? ಎಲ್ಲಕ್ಕೂ ಸಲ್ಲುವುದಾಗಿದ್ದರೆ ಓಲೆಗೂ ಸಲ್ಲಬೇಕಿತ್ತು, ತಂತಿಗೂ ಸಲ್ಲಬೇಕಿತ್ತು ಎಂಬುದು ನನ್ನ ಉತ್ತರ. ತಂತಿಯನ್ನು ನಾವು ಕೊಟ್ಟೆವು. 'ತಂತಿ ಕೊಡು' ಎನ್ನುವುದೇ ರೂಢಿಯಾಗಿತ್ತು, ಏಕೆಂದರೆ ಅಲ್ಲಿ ಕಿಟಕಿಯಾಚೆ ಗುಮಾಸ್ತನಿದ್ದ. ಮನಿಯಾರ್ಡರನ್ನು ಮಾಡಿದೆವು, ಕಳಿಸಿದೆವು. ಮದುವೆಯ ಕರೆಯೋಲೆಯನ್ನು ಮನೆಗೆ ಹೋಗಿ ಕೊಟ್ಟೆವು, ಹೋಗಲಾಗದವರಿಗೆ ಮಾತ್ರ "ಪೋಸ್ಟಿಗೆ ಹಾಕಿದೆವು". ಎದುರಿಗೆ ಮನುಷ್ಯನಿದ್ದಾಗ ಕೊಡು, ಪೆಟ್ಟಿಗೆಯಿದ್ದಾಗ ಹಾಕು: ಭಾಷೆ ಎಷ್ಟು ಕರಾರುವಾಕ್ಕಾಗಿ ವಿಂಗಡಿಸಿದೆ ನೋಡಿ. ಇನ್ನೊಂದು ದೂರು, 'ಹಾಕು' ಒರಟು ಪದ ಎಂಬುದು. ಹರಿದುಹಾಕು, ಕೊಂದುಹಾಕು, ಕಿತ್ತುಹಾಕು ಎಂಬಲ್ಲಿ ಅದು ಹಿಂಸೆಯ ಬೆನ್ನಿಗೆ ನಿಲ್ಲುತ್ತದೆ, ನಿಜ. ಆದರೆ ಅಲ್ಲಿ ಅದು ಹೇಳುತ್ತಿರುವುದು ಕ್ರೌರ್ಯವನ್ನಲ್ಲ, ಮುಗಿತಾಯವನ್ನು. ಇನ್ನು ಹಿಂದಕ್ಕೆ ಬರುವಂತಿಲ್ಲ ಎಂಬುದನ್ನು. ಅದೇ ಗುಣ ಕಾಗದಕ್ಕೆ ಬೇಕಾದದ್ದು.

ಕಳಿಸು ಎಂಬ ಪದದ ಸ್ವಭಾವ ಬೇರೆ. ಮಗನನ್ನು ಶಾಲೆಗೆ ಕಳಿಸುತ್ತೇವೆ, ಮಗಳನ್ನು ಗಂಡನ ಮನೆಗೆ ಕಳಿಸಿಕೊಡುತ್ತೇವೆ, ನೆಂಟರನ್ನು ಬಸ್ ಸ್ಟ್ಯಾಂಡಿನವರೆಗೆ ಹೋಗಿ ಕಳಿಸಿ ಬರುತ್ತೇವೆ. ಕಳಿಸುವವನ ಕಣ್ಣು ಹೋಗುವವರ ಬೆನ್ನ ಮೇಲೇ ಇರುತ್ತದೆ, ಮನಸ್ಸು ಸೇರಬೇಕಾದ ಊರಿನಲ್ಲಿ. "ತಲುಪಿತೇ?" ಎಂಬ ಪ್ರಶ್ನೆ ಕಳಿಸು ಎಂಬುದರ ನೆರಳು. ಹಾಕು ಹಾಗಲ್ಲ. ಹಾಕುವವನ ಪಾತ್ರ ಪೆಟ್ಟಿಗೆಯ ತುಟಿಯಲ್ಲೇ ಮುಗಿಯುತ್ತದೆ. ಒಳಗೆ ಟಪ್ ಎಂದು ಬಿದ್ದ ಸದ್ದು ಕೇಳಿದ ಮೇಲೆ ಬೀಗದಕೈ ಇನ್ನೊಬ್ಬರದು, ಚೀಲ ಇನ್ನೊಬ್ಬರದು, ದಾರಿ ಇನ್ನೊಬ್ಬರದು.

ಇಲ್ಲಿ ನನಗೆ ಪ್ರಿಯವಾದ ಒಂದು ಗಾದೆಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡಬೇಕೆನಿಸುತ್ತದೆ: ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇದನ್ನು ನಾವು ಎಚ್ಚರಿಕೆಯಾಗಿ ಮಾತ್ರ ಬಳಸುತ್ತೇವೆ. ನಾಲಿಗೆ ಬಿಗಿಹಿಡಿ ಎಂದು ಮಕ್ಕಳಿಗೆ ಹೇಳುವಾಗ ಬಳಸುತ್ತೇವೆ. ಆದರೆ ಗಾದೆಯ ಎರಡು ತುದಿಯಲ್ಲೂ ನಿಂತಿರುವ 'ಹೋಯ್ತು' ಒಂದೇ ಅಲ್ಲ. ಒಡೆದ ಮುತ್ತು ಹೋಯ್ತು ಎಂದರೆ ಹಾಳಾಯಿತು, ಅದು ಇನ್ನು ಯಾರಿಗೂ ಇಲ್ಲ. ಆಡಿದ ಮಾತು ಹೋಯ್ತು ಎಂದರೆ ಅದು ಹೊರಟಿತು, ಆಡಿದವನಿಗೆ ಇಲ್ಲವಾಗಿ ಕೇಳಿದವನಿಗೆ ಉಂಟಾಯಿತು. ಮುತ್ತಿಗೆ ನಷ್ಟವಾದದ್ದೇ ಮಾತಿಗೆ ಹುಟ್ಟು. ಬಾಯೊಳಗೆ ಉಳಿದದ್ದು ಇನ್ನೂ ಮಾತಾಗಿಲ್ಲ, ಬರೀ ಯೋಚನೆ. ಹೋದರೆ ತಾನೇ ಮಾತು? ಗಾದೆ ಕಟ್ಟಿದವರು ಎರಡನ್ನೂ ಒಂದೇ ಕ್ರಿಯಾಪದದಲ್ಲಿ ಹೊಸೆದದ್ದು ಪ್ರಾಸಕ್ಕಾಗಿ ಎಂದು ನಾನು ನಂಬುವುದಿಲ್ಲ. ಕಳೆದುಕೊಳ್ಳಲು ಒಪ್ಪದವನಿಗೆ ಹೇಳಲು ಬರುವುದಿಲ್ಲ ಎಂಬ ತಿಳಿವಳಿಕೆ ಅದರಲ್ಲಿದೆ. ಪೆಟ್ಟಿಗೆಗೆ ಹಾಕಿದ ಕಾರ್ಡು ಆಡಿದ ಮಾತಿನ ಹಾಗೆ ಹೋದದ್ದು. ಕಾನೂನಿಗೂ ಇದು ಗೊತ್ತು. 1872ರ ಭಾರತೀಯ ಕರಾರು ಕಾಯ್ದೆಯ 4ನೆಯ ಕಲಮಿನ ಪ್ರಕಾರ, ಒಪ್ಪಿಗೆಯ ಪತ್ರವು ಬರೆದವನ ಹಿಡಿತ ತಪ್ಪಿ ರವಾನೆಗೆ ಬಿದ್ದ ಗಳಿಗೆಯಲ್ಲೇ, ಇನ್ನೂ ತಲುಪದಿದ್ದರೂ, ಪ್ರಸ್ತಾಪ ಮಾಡಿದವನನ್ನು ಕಟ್ಟಿಹಾಕುತ್ತದೆ. ಒಪ್ಪಿದವನಿಗೆ ಮಾತ್ರ, ಅದು ತಲುಪುವ ಮುನ್ನ ಬೇರೆ ದಾರಿಯಿಂದ ಧಾವಿಸಿ ಹಿಂತೆಗೆದುಕೊಳ್ಳುವ ಅವಕಾಶವಿದೆ. ಹಾಗಿದ್ದರೂ ಕಲಮು ಗುರುತು ಹಾಕಿರುವ ಗಳಿಗೆ ನಮ್ಮ ಕ್ರಿಯಾಪದ ಗುರುತಿಸಿದ ಗಳಿಗೆಯೇ: ಕೈ ಬಿಟ್ಟ ಗಳಿಗೆ.

ಈಗ ಆ ಹುಡುಗಿಯ ಹವ್ಯಾಸಕ್ಕೆ ಬರೋಣ. ಇಂಥ ಕಾರ್ಡುಗಳ ಕೊಡುಕೊಳ್ಳುವಿಕೆಗೆಂದೇ ಇರುವ ಪೋಸ್ಟ್‌ಕ್ರಾಸಿಂಗ್ ಎಂಬ ವ್ಯವಸ್ಥೆಯನ್ನು ಪೋರ್ಚುಗಲ್ಲಿನ ಪೌಲೊ ಮಗಲ್ಯಾಯಿಸ್ ಎಂಬ ತರುಣ 2005ರ ಜುಲೈ 14ರಂದು ಶುರುಮಾಡಿದ. ಈವರೆಗೆ ಅದರ ಮೂಲಕ ಏಳು ಕೋಟಿಗೂ ಹೆಚ್ಚು ಕಾರ್ಡುಗಳು ಗುರಿ ಮುಟ್ಟಿವೆ. ಅದರ ಕಟ್ಟಳೆಗಳನ್ನು ನೋಡಿ, ಕನ್ನಡದ 'ಹಾಕು' ಬಲ್ಲವರು ರಚಿಸಿದಂತಿವೆ. ಕೇಳಿದರೆ ಗೊತ್ತುಪರಿಚಯವಿಲ್ಲದ ಯಾರದೋ ವಿಳಾಸ ಬರುತ್ತದೆ, ಜೊತೆಗೊಂದು ಗುರುತಿನ ಸಂಖ್ಯೆ. ಭಾರತದಿಂದ ಹೋಗುವ ಕಾರ್ಡಾದರೆ ಅದು ಐಎನ್ ಎಂದು ಶುರುವಾಗುತ್ತದೆ. ಅದನ್ನು ಕಾರ್ಡಿನ ಮೇಲೆ ಬರೆದು ಹಾಕಬೇಕು. ಹಾಕಿದವರ ಮಾತಿಗೆ ಅಲ್ಲಿ ಲೆಕ್ಕವಿಲ್ಲ. ಪಡೆದವರು ಆ ಸಂಖ್ಯೆಯನ್ನು ನಮೂದಿಸಿದ ಮೇಲಷ್ಟೇ ಕಾರ್ಡು ಮುಟ್ಟಿದಂತೆ. ಆಗ ಹಾಕಿದವರ ವಿಳಾಸ ಮತ್ತೊಬ್ಬ ಅಪರಿಚಿತರಿಗೆ ಸಿಗುತ್ತದೆ. ಹೊಸಬರಿಗೆ ಒಮ್ಮೆಗೆ ಐದೇ ಕಾರ್ಡುಗಳನ್ನು ದಾರಿಯಲ್ಲಿಡಲು ಅನುಮತಿ. ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ಕೊಡುವ ಈ ಸರಪಳಿಯಲ್ಲಿ ಕೊಟ್ಟವರಿಗೇ ಹಿಂತಿರುಗಿಸುವ ಋಣವಿಲ್ಲ. ಹೀಗೆ ಪರಿಚಯವಾದವರು ಆಮೇಲೆ ನೇರವಾಗಿಯೇ ಕೊಡುಕೊಳ್ಳುವುದುಂಟು, ಗೆಳೆತನ ಬೆಳೆಯುವುದೂ ಉಂಟು. ಆ ಹೆಸರಿನೊಳಗಿನ ಕ್ರಾಸಿಂಗ್ ನನ್ನನ್ನು ಇನ್ನೊಂದು ಊಹೆಗೆ ಎಳೆಯುತ್ತದೆ. ನಡುಗನ್ನಡದಲ್ಲಿ ಹಾಕು ಎಂಬುದರ ರೂಪ ಹಾಯ್ಕು. ಅದರ ಹೊಟ್ಟೆಯೊಳಗೆ ಕೂತಿರುವುದು ಹಾಯ್: ಹೊಳೆ ಹಾಯುವುದು, ಗದ್ದೆಗೆ ನೀರು ಹಾಯಿಸುವುದು, ಗೂಳಿ ಹಾಯುವುದು. ಹಾಕು ಎಂದರೆ ಮೂಲತಃ ಈಚೆಯದನ್ನು ಆಚೆ ದಾಟಿಸು ಎಂದೇ ಇರಬೇಕು ಎಂಬುದು ನನ್ನ ಗುಮಾನಿ. ವೈಯಾಕರಣರು ಒಪ್ಪಲಿ ಬಿಡಲಿ, ವೇರೂಳದ ಕೈಲಾಸವನ್ನು ಫಿನ್ಲೆಂಡಿಗೆ ಹಾಯಿಸಿದ ಹುಡುಗಿಯ ಬಾಯಲ್ಲಿ ಆ ಪದ ತನ್ನ ಹಳೆಯ ಅರ್ಥಕ್ಕೆ ಮರಳಿದೆ. ಆ ಕೈಲಾಸವನ್ನು ಕಡೆಸಿದ ರಾಷ್ಟ್ರಕೂಟರ ಒಂದನೆಯ ಕೃಷ್ಣನೂ, ಕನ್ನಡ ನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಯವರೆಗೆ ಎಳೆದ 'ಕವಿರಾಜಮಾರ್ಗ'ವೂ ಅವಳ ಬೆನ್ನಿಗಿರುವಾಗ, ನಾಸಿಕದ ಗೋದಾವರಿಯ ದಡದಲ್ಲಿ ಕನ್ನಡ ಪದವೊಂದಕ್ಕೆ ಪರದೇಶಿ ಎಂಬ ಪಟ್ಟ ಕಟ್ಟುವುದು ಬೇಡ.

ಫೋನಿನಲ್ಲೂ ಹಾಕುತ್ತಾರಲ್ಲ, ಸ್ಟೇಟಸ್ ಹಾಕುತ್ತಾರೆ, ಫೋಟೋ ಹಾಕುತ್ತಾರೆ, ಮೆಸೇಜ್ ಹಾಕುತ್ತಾರೆ, ಒಂದು ದಿನದಲ್ಲಿ ಮಾಯವಾಗುವ, ಬೇಡವಾದರೆ ಅಳಿಸಿಬಿಡುವ ಅವುಗಳಲ್ಲಿ ಯಾವ ಮುಗಿತಾಯವಿದೆ ಎಂದು ಕೇಳಬಹುದು. ಸ್ಟೇಟಸ್ಸಿನ ಹಾಕು ರಂಗೋಲಿಯ ಹಾಕು. ಅದಕ್ಕೆ ವಿಳಾಸವಿಲ್ಲ, ದಾರಿಹೋಕರೆಲ್ಲ ನೋಡಲಿ ಎಂದು ಬಾಗಿಲ ಮುಂದೆ ಬಿಡಿಸಿದ್ದು. ಮೆಸೇಜಿನದು ಮಾತ್ರ ಕಾಗದದಿಂದ ಬಂದ ಪಿತ್ರಾರ್ಜಿತ. ಪೆಟ್ಟಿಗೆ ಮರೆತರೂ ಕ್ರಿಯಾಪದ ಉಳಿದಿದೆ, ಅದಕ್ಕೆ ಸಂತೋಷಪಡೋಣ. ನನ್ನ ಅಸಮಾಧಾನ ಇರುವುದು ಅದನ್ನೂ ಉಳಿಸಿಕೊಳ್ಳದವರ ಮೇಲೆ. 'ಸೆಂಡ್ ಮಾಡಿದೆ', 'ಪೋಸ್ಟ್ ಮಾಡಿದೆ', 'ಶೇರ್ ಮಾಡಿದೆ', 'ಫಾರ್ವರ್ಡ್ ಮಾಡಿದೆ' — ಎಲ್ಲದರ ಬಾಲಕ್ಕೂ ಒಂದೇ 'ಮಾಡು' ಕಟ್ಟಿ ಓಡಿಸುತ್ತಿದ್ದೇವೆ. ಕೊಡು, ಕಳಿಸು, ಹಾಕು, ಅಟ್ಟು, ಮುಟ್ಟಿಸು ಎಂದು ಐದು ಬಗೆಯ ಸಂಬಂಧಗಳನ್ನು ಐದು ಪದಗಳಲ್ಲಿ ಬೇರ್ಪಡಿಸಿದ್ದ ಭಾಷೆಗೆ ಇದು ದೊಡ್ಡ ನಷ್ಟ. 'ಪೋಸ್ಟ್ ಮಾಡಿದೆ' ಎಂದರೆ ಪೆಟ್ಟಿಗೆಗೆ ಹಾಕಿದನೋ ಪರದೆಯ ಮೇಲೆ ಅಂಟಿಸಿದನೋ ಎಂಬುದೇ ಈಗ ತಿಳಿಯುವುದಿಲ್ಲ. ಆ ಹುಡುಗಿಯೂ ಹಾಗೆಯೇ ಹೇಳಬಹುದಿತ್ತು, ಅವಳ ಓರಗೆಯವರೆಲ್ಲ ಹೇಳುತ್ತಾರೆ. ಅವಳು ಹಾಕಿದೆ ಎಂದಳು.

ಇನ್ನೊಂದು ಮಾತು ತಾಯಿಗೆ. ಹಾಕು ಎಂಬುದಕ್ಕೆ ಕನ್ನಡ ಕೊಟ್ಟಿರುವ ಕಾಲರೂಪಗಳನ್ನು ಗಮನಿಸಿ. 'ಹಾಕಿದೆ' ಎಂದರೆ ಪೆಟ್ಟಿಗೆಯ ಸದ್ದು ಇನ್ನೂ ಕಿವಿಯಲ್ಲಿದೆ. 'ಹಾಕಿದ್ದೇನೆ' ಎಂದರೆ ದಾರಿಯಲ್ಲಿದೆ, ಕಾಯುತ್ತಿರಿ. 'ಹಾಕಿದ್ದೆ' ಎಂದರೆ, ಅಯ್ಯೋ, ಸಿಗಲಿಲ್ಲವೇ? ಒಂದಕ್ಷರದ ವ್ಯತ್ಯಾಸದಲ್ಲಿ ಕಾರ್ಡು ಕಳೆದುಹೋಗಿದೆ. ಪೋಸ್ಟ್‌ಕ್ರಾಸಿಂಗ್‌ನವರು ಈ ಬದಲಾವಣೆಗೆ 60 ದಿನಗಳ ಗಡುವು ಇಟ್ಟಿದ್ದಾರೆ. ಅಷ್ಟರೊಳಗೆ ಯಾರೂ ನಮೂದಿಸದ ಕಾರ್ಡನ್ನು ಅವಧಿ ಮೀರಿದ್ದೆಂದು ಬದಿಗಿಟ್ಟು, ಹಾಕಿದವರಿಗೆ ಇನ್ನೊಂದು ವಿಳಾಸ ಕೊಡುತ್ತಾರೆ. ಗಡುವು ದಾಟಿದ ಮೇಲೂ ಹಳೆಯ ಕಾರ್ಡು ಯಾವುದೋ ಚೀಲದ ತಳದಿಂದೆದ್ದು ಬಂದು ಸೇರಿದರೆ ಅದನ್ನು ನಮೂದಿಸಿಕೊಳ್ಳುತ್ತಾರೆ. ಆದ್ದರಿಂದ ಮಗಳು ಈ ಎರಡು ತಿಂಗಳು 'ಹಾಕಿದ್ದೇನೆ' ಎನ್ನಲಿ. ಆಮೇಲೂ ಫಿನ್ಲೆಂಡಿನಿಂದ ಸುದ್ದಿ ಬಾರದಿದ್ದರೆ 'ಹಾಕಿದ್ದೆ' ಎನ್ನಲಿ, ಮತ್ತೆ ವೇರೂಳದ್ದೇ ಒಂದು ಕಾರ್ಡು ಕೊಂಡು ಇನ್ನೊಬ್ಬರಿಗೆ ಹಾಕಲಿ.