ಹೇರಿನ ಎತ್ತು ನಡೆದ ಹಾದಿ

ಸಹಾರಾ ಮರುಭೂಮಿಯ ದಕ್ಷಿಣ ಭಾಗದಲ್ಲಿ ಅಗಾದೆಸ್ ಎಂಬ ಪಟ್ಟಣವಿದೆ. 15ನೆಯ ಶತಮಾನದಲ್ಲಿ ಅಲ್ಲಿ ತುವಾರೆಗ್ ಜನರ ಸುಲ್ತಾನಿಕೆಯೊಂದು ತಲೆಯೆತ್ತಿತು. ಒಂಟೆಗಳ ಸಾಲೇ ಆ ರಾಜ್ಯದ ಜೀವನಾಡಿ. ಪೂರ್ವದ ಬಿಲ್ಮಾದಿಂದ ಉಪ್ಪಿನ ಅಚ್ಚುಗಳನ್ನೂ ಖರ್ಜೂರವನ್ನೂ ಹೊತ್ತು, ಮರಳನ್ನು ದಾಟಿ, ದಕ್ಷಿಣದ ಹೌಸಾ ನಾಡಿನಲ್ಲಿ ಅವನ್ನು ಸಜ್ಜೆಗೆ ಬದಲಾಯಿಸಿಕೊಳ್ಳುವುದು ಆ ಸಾರ್ಥಗಳ ಕಸುಬು. ಸಜ್ಜೆಯ ಹೆಸರು ಕೇಳಿದೊಡನೆ ಕುಷ್ಟಗಿ ಸೀಮೆಯವನಾದ ನನಗೆ ಆ ದೂರದ ನಾಡು ನೆರೆಮನೆಯಂತೆ ತೋರುತ್ತದೆ. ಈ ಧಾನ್ಯವನ್ನು ಮನುಷ್ಯ ಮೊದಲು ಬೆಳೆದದ್ದು ಸಹಾರದ ದಕ್ಷಿಣದಂಚಿನಲ್ಲಿಯೇ. ಅದು ನಮ್ಮ ಹಳ್ಳೂರಿನ ನೆಲೆಯಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದಿನ ಮಣ್ಣಿನ ಪದರಗಳಲ್ಲಿ ದೊರೆತಿದೆ.

ಅಂಥ ಸಾರ್ಥಗಳು ನಮ್ಮ ಸೀಮೆಯಲ್ಲಿಯೂ ನಡೆದವು. ಅಲ್ಲಿ ಒಂಟೆ, ಇಲ್ಲಿ ಎತ್ತು. ಅಲ್ಲಿ ಮರಳು, ಇಲ್ಲಿ ಎರೆ ಮಸಾರಿ. ಅವುಗಳ ಕಥೆಯನ್ನು ಇಂದು ನೆನೆಯಬೇಕೆಂದಿದ್ದೇನೆ.

ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನೆಲ ಎರಡು ರಾಜ್ಯಗಳ ಗಡಿಯಾಗಿತ್ತು. ಆನೆಗೊಂದಿಯ ಆಚೆಯ ದಡದಲ್ಲಿ 1336ರಲ್ಲಿ ವಿಜಯನಗರ ಸ್ಥಾಪನೆಯಾಯಿತು. ಉತ್ತರದಲ್ಲಿ 1347ರಲ್ಲಿ ಬಹಮನಿ ಸುಲ್ತಾನಿಕೆ, ಅದು ಒಡೆದ ಮೇಲೆ ಬಿಜಾಪುರದ ಆದಿಲಶಾಹಿ. ರಾಯಚೂರು, ಮುದಗಲ್ಲು ಕೋಟೆಗಳಿಗಾಗಿ ಎರಡು ಶತಮಾನಗಳ ಕಾಲ ಕಾದಾಟ ನಡೆಯಿತು. ಈ ಕಾದಾಟದ ವರ್ಣನೆಗಳಲ್ಲೆಲ್ಲ ಕುದುರೆಯದೇ ಮೆರವಣಿಗೆ. ಬಹಮನಿ ರಾಜ್ಯಕ್ಕೆ ಬಂದ ರಷ್ಯದ ಪ್ರವಾಸಿ ನಿಕಿತಿನ್, ಆಳಂದದ ಜಾತ್ರೆಯಲ್ಲಿ 20,000 ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವೆಂದು ಬರೆದಿದ್ದಾನೆ. ಪೋರ್ಚುಗೀಸ ನೂನಿಜ್ ಹೇಳುವಂತೆ ಕೃಷ್ಣದೇವರಾಯನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನು. ಅವನಿಗಿಂತ ಹಿಂದಿನ ಸಾಳುವ ನರಸಿಂಹನಂತೂ ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಹಣ ಕೊಡುತ್ತಿದ್ದನಂತೆ!

ಆದರೆ ಕುದುರೆಗೂ ಸವಾರನಿಗೂ ಹೊಟ್ಟೆಯಿದೆಯಷ್ಟೆ. 1520ರ ರಾಯಚೂರು ಯುದ್ಧಕ್ಕೆ ಹೊರಟ ಸೈನ್ಯ ಉಂಡ ಧಾನ್ಯ ಯಾರ ಬೆನ್ನ ಮೇಲೆ ಬಂದಿತು? ವಿಜಯನಗರವನ್ನು ಕಂಡ ಪಾಯಸ್, ಭಟ್ಕಳದ ದಾರಿಯಲ್ಲಿ ವರ್ಷಕ್ಕೆ ಐದಾರು ಸಾವಿರ ಹೇರಿನ ಎತ್ತುಗಳು ಬರುತ್ತಿದ್ದುವೆಂದು ಹೇಳುತ್ತಾನೆ. ಬಂಡಿಗಳಿಗೆ ಹಾದಿಯಿಲ್ಲದ ಕಲ್ಲುನೆಲ, ಘಟ್ಟಗಳ ಇಳಿಜಾರು. ಬೆನ್ನಿನ ಎರಡೂ ಕಡೆ ಜೋಡುಗೋಣಿ ಇಳಿಬಿಟ್ಟ ಎತ್ತು ಅಲ್ಲಿ ನಿರಾಯಾಸವಾಗಿ ನಡೆಯುತ್ತದೆ. ದಿನಕ್ಕೆ ಆರೆಂಟು ಮೈಲಿ ಮಾತ್ರ. ದಾರಿಯುದ್ದಕ್ಕೂ ಮೇಯುತ್ತಲೇ ಸಾಗುವುದರಿಂದ ಮೇವಿನ ಖರ್ಚಿಲ್ಲ. ಅಗ್ಗದ ಉಪ್ಪು, ಜೋಳಗಳು ನೂರಾರು ಮೈಲಿ ಸಾಗಿದರೂ ವರ್ತಕನಿಗೆ ಗಿಟ್ಟುತ್ತಿದ್ದುದು ಹೀಗೆ.

17ನೆಯ ಶತಮಾನದಲ್ಲಿ ಮೊಗಲ ಸೈನ್ಯಗಳು ಬಿಜಾಪುರದ ಮೇಲೆ ಬಂದಾಗ ಅವುಗಳ ಧಾನ್ಯವನ್ನು ಹೇರಿ ತಂದವರು ಲಂಬಾಣಿಗಳು. ಲವಣ ಎಂಬ ಮಾತಿನಿಂದಲೇ ಅವರ ಹೆಸರು ಬಂದಿತೆಂಬುದು ಹಲವು ವಿದ್ವಾಂಸರ ಮತ. ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾರ್ಥಗಳನ್ನು ಫ್ರೆಂಚ್ ವರ್ತಕ ತಾವರ್ನಿಯೆ ವರ್ಣಿಸಿದ್ದಾನೆ. ಹೆಂಡಿರು ಮಕ್ಕಳೊಡನೆ ಊರಿಗೆ ಊರೇ ನಡೆಯುತ್ತಿತ್ತು. ಕಾದುವ ಎರಡು ಪಕ್ಷಗಳಿಗೂ ಅವರು ಧಾನ್ಯ ಮಾರಬಲ್ಲವರಾಗಿದ್ದರು; ಧಾನ್ಯ ಬೇಕಾದ ದಂಡು ಅವರನ್ನು ತಡೆಯುವಂತಿರಲಿಲ್ಲ. 1791ರಲ್ಲಿ, ಕೊಪ್ಪಳದ ಕೋಟೆ ನಿಜಾಮನ ಹಾಗೂ ಕಂಪನಿಯ ಪಡೆಗಳ ವಶವಾದ ವರ್ಷ, ಕಾರ್ನ್‌ವಾಲಿಸನು ದನಗಳನ್ನೂ ಆಹಾರವನ್ನೂ ಕಳೆದುಕೊಂಡು ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದನು. ಮರುವರ್ಷ ಅವನು ಗೆಲ್ಲುವಷ್ಟು ಧಾನ್ಯ ಒದಗಿಸಿದವರಲ್ಲಿ ಈ ಲಂಬಾಣಿಗಳೇ ಮುಖ್ಯರು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಯಲಬುರ್ಗಿಯು ಎರಂಬರಗೆ ಎಂಬ ಹೆಸರಿನಿಂದ ಸಿಂದರ ರಾಜಧಾನಿಯಾಗಿದ್ದ 12ನೆಯ ಶತಮಾನದ ಭಾಷೆಯನ್ನು ನಾನು ಬಹುಕಾಲ ಪಾಠ ಹೇಳಿದೆ. ಅಯ್ಯಾವೊಳೆಯ ಐನೂರ್ವರಂಥ ವರ್ತಕರು ದೇವಾಲಯಗಳಿಗೆ ಹೇರಿಗಿಷ್ಟು ಎಂದು ದತ್ತಿ ಬಿಟ್ಟ ಶಾಸನಗಳಲ್ಲಿ ‘ಪೇಱು’ ಎಂಬ ಶಬ್ದ ಬಂದಾಗಲೆಲ್ಲ, ‘ಹೊರೆ’ ಎಂದು ಅರ್ಥ ಬರೆಯಿಸಿ ಮುಂದಕ್ಕೆ ಹೋಗುತ್ತಿದ್ದೆ. ಒಂದು ದಿನ ತಾಂಡಾದಿಂದ ಬಂದ ವಿದ್ಯಾರ್ಥಿಯೊಬ್ಬ ತರಗತಿ ಮುಗಿದ ಮೇಲೆ ಬಳಿಗೆ ಬಂದು, “ಸರ್, ತಾಂಡಾ ಅಂದ್ರ ಊರಲ್ರೀ. ನಡಿಯೋ ಎತ್ತಿನ ಸಾಲಿಗೇ ತಾಂಡಾ ಅಂತಿದ್ರು ಅಂತ ನಮ್ಮಜ್ಜ ಹೇಳ್ತಿದ್ದ,” ಎಂದನು. ಹುಡುಗನ ಮಾತು ನಿಜವಾಗಿತ್ತು. ನಿಘಂಟನ್ನು ಸದಾ ಕೈಯಲ್ಲಿ ಹಿಡಿದಿದ್ದ ನನಗೆ ಅದು ಹೊಳೆದಿರಲಿಲ್ಲ.

ನಡೆಯುತ್ತಿದ್ದ ತಾಂಡಾ ನಿಂತುದೇಕೆ? 19ನೆಯ ಶತಮಾನದ ಎಂಬತ್ತರ ದಶಕದಲ್ಲಿ ಗದಗ, ಕೊಪ್ಪಳ, ಹೊಸಪೇಟೆಗಳನ್ನು ರೈಲು ಕೂಡಿಸಿತು. ಎತ್ತು ವಾರಗಟ್ಟಲೆ ಹೊರುತ್ತಿದ್ದುದನ್ನು ಗಾಡಿ ಒಂದೇ ದಿನದಲ್ಲಿ ಮುಟ್ಟಿಸಿತು. ಕಸುಬು ಹೋಯಿತು, ಅದರ ಹಿಂದೆಯೇ ಕಳಂಕವೂ ಅಂಟಿತು. ಬ್ರಿಟಿಷರು 1871ರಲ್ಲಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಪಟ್ಟಿಗೆ ಮುಂದೆ ಲಂಬಾಣಿಗಳ ಹಲವು ಗುಂಪುಗಳನ್ನು ಸೇರಿಸಲಾಯಿತು. ದಂಡುಗಳಿಗೆ ಅನ್ನವಿಟ್ಟವರ ಅಲೆದಾಟವೇ ಅಪರಾಧದ ಗುರುತಾಯಿತು. ಆ ಕಾಯಿದೆ ರದ್ದಾದದ್ದು 1952ರಲ್ಲಿ.

ಇಂದು ನಮ್ಮಲ್ಲಿ ತಾಂಡಾ ಎಂದರೆ ನಿಂತ ಊರು. ಆದರೆ ಬೇಸಗೆ ಬಂದಿತೆಂದರೆ ಕುಷ್ಟಗಿ, ಯಲಬುರ್ಗಿಗಳ ತಾಂಡಾಗಳಿಂದ ಜನ ಗಂಟುಮೂಟೆ ಕಟ್ಟಿ ಗುಳೆ ಹೊರಡುತ್ತಾರೆ. ಗೋವೆಯ, ಮಂಗಳೂರಿನ ಬಸ್ಸು ಹತ್ತುತ್ತಾರೆ. ಒಮ್ಮೆ ಕರಾವಳಿಯ ಉಪ್ಪು ಘಟ್ಟ ಹತ್ತಿ ಬಂದ ದಿಕ್ಕಿಗೇ ಅವರ ಪಯಣ. ಕೊಪ್ಪಳದ ಕೋಟೆಯನ್ನು ನೋಡಲು ಹೋದವರು ಮೇಲಿನ ಬುರುಜಿನಲ್ಲಿ ನಿಂತು, ಕೆಳಗಿನ ಆ ಹಾದಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕೆಂದು ನನ್ನ ವಿನಂತಿ.