ಕೆರ್ಬೆರೋಸ್

ಗ್ರೀಕರ ಪುರಾಣದಲ್ಲಿ ಸತ್ತವರ ಲೋಕದ ಬಾಗಿಲು ಕಾಯುವ ಮೂರು ತಲೆಯ ನಾಯಿ ಕೆರ್ಬೆರೋಸ್. ಋಗ್ವೇದದಲ್ಲಿ ಯಮನ ನಾಯಿಗಳನ್ನು ಬಣ್ಣಿಸುವ ‘ಶಬಲ’ (ಮಚ್ಚೆ ಮಚ್ಚೆಯ) ಎಂಬ ಪದಕ್ಕೂ ಇದಕ್ಕೂ ಒಂದೇ ಬೇರು ಎಂದು ಕೆಲವು ಭಾಷಾವಿದ್ವಾಂಸರು ಹೇಳಿದ್ದುಂಟು, ಎಲ್ಲರೂ ಒಪ್ಪಿಲ್ಲ. ನನಗಂತೂ ಆ ನಂಟು ಇಷ್ಟ.

ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೆನಾ ಎಂಬ ಕಂಪ್ಯೂಟರ್ ಯೋಜನೆಯವರು ತಮ್ಮ ದೃಢೀಕರಣ ವ್ಯವಸ್ಥೆಗೆ ಈ ಹೆಸರಿಟ್ಟರು. ಬಳಕೆದಾರ, ಅವನು ಕೇಳುವ ಸೇವೆ, ಇಬ್ಬರೂ ನಂಬುವ ಸರ್ವರ್: ಮೂರು ತಲೆಗಳು. ಇದರ ಸೊಗಸೆಂದರೆ ಪಾಸ್‌ವರ್ಡ್ ಜಾಲದ ಮೇಲೆ ಹಾದುಹೋಗುವುದೇ ಇಲ್ಲ. ಆ ಪಾಸ್‌ವರ್ಡಿನಿಂದ ಹುಟ್ಟಿದ ಕೀಲಿಯಿಂದ ಬೀಗ ಹಾಕಿದ ಉತ್ತರವನ್ನು ಸರ್ವರ್ ಕಳಿಸುತ್ತದೆ. ನಿಜವಾದ ಒಡೆಯ ಮಾತ್ರ ಅದನ್ನು ಬಿಚ್ಚಬಲ್ಲ. ಆಮೇಲೆ ಅದರೊಂದಿಗೆ ಸಿಗುವ, ಕೆಲವು ಗಂಟೆ ಬಾಳುವ ‘ಟಿಕೆಟ್’ ಇದ್ದರೆ ಸಾಕು, ಪ್ರತಿ ಸೇವೆಗೂ ಮತ್ತೆ ಪಾಸ್‌ವರ್ಡ್ ಒತ್ತಬೇಕಿಲ್ಲ. ಈ ಯಂತ್ರಗಳ ಗಡಿಯಾರಗಳು ಮಾತ್ರ ಒಂದಕ್ಕೊಂದು ಹೊಂದಿಕೆಯಾಗಿರಬೇಕು. ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಸರಿಯಾದ ಪಾಸ್‌ವರ್ಡಿಗೂ ಬಾಗಿಲು ತೆರೆಯದು.

ಇಲ್ಲಿ ಖಾತೆಗೆ ‘ಪ್ರಿನ್ಸಿಪಲ್’ ಎನ್ನುತ್ತಾರೆ. ಕಾಲೇಜಿನ ಪ್ರಾಂಶುಪಾಲರನ್ನು ನೆನೆಯಬೇಡಿ. ಗುರುತು ಉಳ್ಳ ಯಾರೇ ಆಗಲಿ, ಯಂತ್ರವೇ ಆಗಲಿ, ಪ್ರಿನ್ಸಿಪಲ್ಲೇ. ಅವೆಲ್ಲ ಸೇರಿದ ಸೀಮೆ ‘ರೆಲ್ಮ್’. ‘ಕೆಅಡ್ಮಿನ್’ ಎಂಬ ಸಲಕರಣೆಯಲ್ಲಿ ನಿರ್ವಾಹಕರು ಖಾತೆ ಸೇರಿಸುತ್ತಾರೆ, ತೆಗೆಯುತ್ತಾರೆ, ಮರೆತವರಿಗೆ ಹೊಸ ಪಾಸ್‌ವರ್ಡ್ ಹಾಕುತ್ತಾರೆ. ಹಳೆಯದನ್ನು ಓದಿ ಹೇಳಲು ಅವರಿಂದಲೂ ಆಗದು, ಸರ್ವರ್ ಇಟ್ಟುಕೊಂಡಿರುವುದು ಕೀಲಿಯನ್ನಷ್ಟೇ.