ಲಾರಿಯ ಹಣೆಬರಹ

ಕೆಲವು ವರ್ಷಗಳ ಹಿಂದೆ, 1950ರ ದಶಕದಲ್ಲಿ ನಡೆಯುವ ಕಥೆಯೊಂದನ್ನು ಚಿತ್ರೀಕರಿಸುವಾಗ ನಮಗೊಂದು ಹಳೆಯ ಲಾರಿ ಬೇಕಾಯಿತು. ಬಹಳ ಹುಡುಕಿದ ಮೇಲೆ ಉದ್ದ ಮೂತಿಯ ಬೆಂಜ್ ಲಾರಿಯೊಂದು ಸಿಕ್ಕಿತು. ಮಾಲೀಕರು ಅಕ್ಕರೆಯಿಂದ ಅದನ್ನು ರಿಪೇರಿ ಮಾಡಿಸಿ, ಮೂತಿಯ ಮೇಲಿನ ಮೂರು ಮೊನೆಯ ನಕ್ಷತ್ರವನ್ನು ಕನ್ನಡಿಯಂತೆ ಹೊಳೆಯಿಸಿದ್ದರು. ದೃಶ್ಯ ಚೆನ್ನಾಗಿಯೇ ಬಂತು. ಪ್ರಸಾರವಾದ ವಾರದೊಳಗೆ ನಿವೃತ್ತ ಚಾಲಕರೊಬ್ಬರಿಂದ ಒಂದು ಅಂಚೆ ಕಾರ್ಡು ಬಂತು. "ನಕ್ಷತ್ರ ಸರಿಯಾಗಿದೆ ಸ್ವಾಮಿ. ಆದರೆ ಹಣೆಯ ಮೇಲೆ ಗೂಡ್ಸ್ ಕ್ಯಾರಿಯರ್ ಎಂದು ಬರೆದಿದೆಯಲ್ಲ, ಆಗ ಅದು ಪಬ್ಲಿಕ್ ಕ್ಯಾರಿಯರ್ ಆಗಿತ್ತು. ಪಕ್ಕದಲ್ಲಿ ನ್ಯಾಷನಲ್ ಪರ್ಮಿಟ್ ಬೇರೆ!" ಎಂದು ಅದರಲ್ಲಿತ್ತು.

ತಪ್ಪು ನನ್ನದೇ. ಪಾತ್ರಧಾರಿಗಳ ಅಂಗಿಯ ಗುಂಡಿಯವರೆಗೆ ಪರೀಕ್ಷಿಸಿದವನು ಲಾರಿಯ ಹಣೆಬರಹ ಓದಿರಲಿಲ್ಲ. ಆ ಕಾರ್ಡಿನಿಂದಾಗಿಯೇ ನಾನು ಹಳೆಯ ಲಾರಿಗಳ ಲಾಂಛನ, ಬರಹ, ಬಣ್ಣಗಳ ಹಿಂದೆ ಬಿದ್ದೆ.

ಹಳೆಯ ವಾಹನವೊಂದನ್ನು ಮೊದಲಿನಂತೆ ಮಾಡುವಾಗ ಎಂಜಿನ್, ಗೇರು, ಬ್ರೇಕುಗಳ ವಿಷಯದಲ್ಲಿ ತಪ್ಪು ಮಾಡಿದರೆ ವಾಹನವೇ ಹೇಳುತ್ತದೆ. ಅದು ಓಡುವುದಿಲ್ಲ ಅಥವಾ ನಿಲ್ಲುವುದಿಲ್ಲ. ಕೊನೆಯ ಹಂತದಲ್ಲಿ ಬರುವ ಬಣ್ಣ, ಲಾಂಛನ, ಅಕ್ಷರಗಳ ವಿಷಯ ಹಾಗಲ್ಲ. ತಪ್ಪಾಗಿದ್ದರೂ ಲಾರಿ ಚೆನ್ನಾಗಿ ಓಡುತ್ತದೆ, ನೋಡಿದವರು ಭೇಷ್ ಎನ್ನುತ್ತಾರೆ. ಕಾಲ ತಪ್ಪುವುದು ಸಾಮಾನ್ಯವಾಗಿ ಇಲ್ಲಿಯೇ.

ಮೊದಲು ಆ ನಕ್ಷತ್ರದ ವಿಚಾರ. ಜರ್ಮನಿಯ ಡೈಮ್ಲರ್ ಕಂಪೆನಿ ಮೂರು ಮೊನೆಯ ನಕ್ಷತ್ರವನ್ನು ತನ್ನ ಗುರುತಾಗಿ ನೋಂದಾಯಿಸಿದ್ದು 1909ರಲ್ಲಿ. ನೆಲ, ಜಲ, ಆಕಾಶ ಮೂರರಲ್ಲೂ ತನ್ನ ಎಂಜಿನ್ನುಗಳು ಓಡಬೇಕೆಂಬ ಆಸೆಯ ಸಂಕೇತ ಅದು. 1926ರಲ್ಲಿ ಡೈಮ್ಲರ್ ಮತ್ತು ಬೆಂಜ್ ಕಂಪೆನಿಗಳು ಒಂದಾದವು. ಆ ನಕ್ಷತ್ರ ನಮ್ಮ ಲಾರಿಯ ಮೂತಿಗೆ ಬಂದದ್ದು ಒಂದು ಒಪ್ಪಂದದ ಮೂಲಕ. ರೈಲ್ವೆ ಎಂಜಿನ್ನುಗಳನ್ನು ತಯಾರಿಸಲೆಂದು 1945ರಲ್ಲಿ ಜಮ್‌ಷೆಡ್‌ಪುರದಲ್ಲಿ ಹುಟ್ಟಿದ ಟೆಲ್ಕೊ, 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ 15 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಮೊದಲ ಲಾರಿ ಹೊರಬಂತು. ಹೆಸರು ಟಾಟಾ ಮರ್ಸಿಡಿಸ್-ಬೆಂಜ್. ಆದರೆ ನಮ್ಮ ಜನರ ಬಾಯಲ್ಲಿ ಅದು ಬರೀ ‘ಬೆಂಜ್ ಲಾರಿ’. ಒಪ್ಪಂದದ ಅವಧಿ 1969ರಲ್ಲಿ ಮುಗಿಯಿತು. ನಕ್ಷತ್ರ ಇಳಿಯಿತು, ಅದರ ಜಾಗದಲ್ಲಿ ‘ಟಿ’ ಅಕ್ಷರ ಏರಿತು. ಒಳಗಿನ ಯಂತ್ರ ರಾತ್ರೋರಾತ್ರಿ ಬದಲಾಗಲಿಲ್ಲ ಎಂಬುದನ್ನು ಗಮನಿಸಬೇಕು. ಬದಲಾದದ್ದು ಅಂಗೈಯಗಲದ ಒಂದು ಲೋಹದ ತುಂಡು. ಒಂದು ದೇಶ ಪರರಿಂದ ಕಲಿತ ವಿದ್ಯೆಯನ್ನು ತನ್ನ ಹೆಸರಿನಲ್ಲಿ ಮುಂದುವರಿಸಲು ಹೊರಟ ದಿನಾಂಕ ಆ ತುಂಡಿನಲ್ಲಿದೆ.

ಆದ್ದರಿಂದಲೇ 1972ರ ಲಾರಿಗೆ ನಕ್ಷತ್ರ ಕೂರಿಸುವುದು ಸುಳ್ಳಾಗುತ್ತದೆ. ನಕ್ಷತ್ರವಿದ್ದರೆ ನೋಡುವವರ ಕಣ್ಣಿಗೆ ಬೆಲೆ ಹೆಚ್ಚು, ನಿಜ. ಇದರ ತದ್ವಿರುದ್ಧದ ತಪ್ಪೂ ಉಂಟು: ಟಾಟಾ ಸಮೂಹ 1990ರ ದಶಕದ ಕೊನೆಯಲ್ಲಿ ತಂದ ನೀಲಿ ಅಂಡಾಕಾರದ ಲಾಂಛನವನ್ನು ಮೂವತ್ತು ವರ್ಷ ಹಿಂದಿನ ಬಾನೆಟ್ಟಿಗೆ ಅಂಟಿಸುವುದು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಅದೇ ತಾನೆ!

ಬೆಂಜ್ ಬರುವ ಮೊದಲು ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದವು ಅಮೆರಿಕದ ಹೆಸರುಗಳು. ಫೋರ್ಡ್ ಕಂಪೆನಿ 1926ರಲ್ಲಿ ಭಾರತಕ್ಕೆ ಬಂದು ಬಿಡಿಭಾಗಗಳನ್ನು ತಂದು ಜೋಡಿಸತೊಡಗಿತು. ಷೆವ್ರೊಲೆ ಲಾರಿಗಳ ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಸೆವ್ರಿಯಲ್ಲಿ ಕಾರ್ಖಾನೆ ತೆರೆಯಿತು. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪೆನಿ ಕ್ರೈಸ್ಲರ್ ಕಂಪೆನಿಯೊಂದಿಗೆ ಸೇರಿ ಡಾಡ್ಜ್, ಡಿ ಸೋಟೊ, ಫಾರ್ಗೊ ಲಾರಿಗಳನ್ನು ಕೊಟ್ಟಿತು. ಈ ಮೂರರಲ್ಲಿ ಒಂದು ತಮಾಷೆಯಿದೆ. ಅವು ಬಹುಮಟ್ಟಿಗೆ ಒಂದೇ ಲಾರಿ! ಬೇರೆ ಬೇರೆ ಮಾರಾಟಗಾರರಿಗಾಗಿ ಕ್ರೈಸ್ಲರ್ ಬೇರೆ ಬೇರೆ ಹೆಸರಿನ ಫಲಕ ಹಚ್ಚುತ್ತಿತ್ತು. ಲಾಂಛನ ಕಳೆದುಹೋದ ಇಂಥ ಲಾರಿಯ ಮುಂದೆ ನಿಂತ ಪೇಂಟರಿಗೆ, ಇದು ಫಾರ್ಗೊವೋ ಡಾಡ್ಜೋ ಎಂದು ಹೇಳಲು ಲೋಹದಲ್ಲಿ ಉಳಿದ ತಿರುಪಿನ ರಂಧ್ರಗಳ ಅಂತರವಷ್ಟೇ ಸಾಕ್ಷಿ. ಅದನ್ನು ಪುಟ್ಟಿ ಹಾಕಿ ಮುಚ್ಚಿಬಿಟ್ಟರೆ ಸಾಕ್ಷಿಯೂ ಹೋಯಿತು.

ಇಲ್ಲಿಯೇ ತಯಾರಿಸುವ ಯೋಜನೆ ಇಲ್ಲದೆ ಬರೀ ಜೋಡಿಸುವ ಕಂಪೆನಿಗಳು ಬೇಡವೆಂಬ ಧೋರಣೆಯನ್ನು 1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಮೇರೆಗೆ ಸರ್ಕಾರ ತಳೆಯಿತು. ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಬಾಗಿಲು ಹಾಕಿಕೊಂಡವು. ಟಾಟಾದ ಒಪ್ಪಂದ, ಎಣ್ಣೂರಿನಲ್ಲಿ ಲೇಲ್ಯಾಂಡ್ ಕಾಮೆಟ್ ಲಾರಿಗಳು, 1955ರಲ್ಲಿ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆದದ್ದು, ಇವೆಲ್ಲ ಈ ಕಾಲದ ಸಂಗತಿಗಳು.

ಈಗ ಹಣೆಯ ಬರಹಕ್ಕೆ ಬರೋಣ. 1939ರ ಮೋಟಾರು ವಾಹನ ಕಾಯಿದೆ ಸರಕು ಲಾರಿಗಳನ್ನು ಎರಡಾಗಿ ವಿಂಗಡಿಸಿತ್ತು. ಬಾಡಿಗೆಗೆ ಯಾರ ಸರಕನ್ನಾದರೂ ಒಯ್ಯುವುದು ಪಬ್ಲಿಕ್ ಕ್ಯಾರಿಯರ್; ಮಾಲೀಕ ತನ್ನದೇ ಸರಕು ಸಾಗಿಸುವುದು ಪ್ರೈವೇಟ್ ಕ್ಯಾರಿಯರ್. 1988ರ ಹೊಸ ಕಾಯಿದೆ 1989ರ ಜುಲೈ 1ರಿಂದ ಜಾರಿಗೆ ಬಂದಾಗ ಈ ಭೇದ ಹೋಯಿತು. ಹಣೆಯ ಮೇಲೆ ‘ಗೂಡ್ಸ್ ಕ್ಯಾರಿಯರ್’ ಬಂತು. ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆಯುವ ತೂಕದ ವಿವರವೂ ಹೀಗೆಯೇ. ಹಳೆಯ ಕಾಯಿದೆಯಲ್ಲಿ ತುಂಬಿದ ಲಾರಿಯ ತೂಕಕ್ಕೆ ಆರ್.ಎಲ್.ಡಬ್ಲ್ಯೂ. ಎಂದಿದ್ದರೆ, ಹೊಸದರಲ್ಲಿ ಜಿ.ವಿ.ಡಬ್ಲ್ಯೂ. ಎಂದಾಯಿತು. ಹಲವು ರಾಜ್ಯಗಳಲ್ಲಿ ಓಡಾಡಲು ನ್ಯಾಷನಲ್ ಪರ್ಮಿಟ್ ಯೋಜನೆ ಬಂದದ್ದು 1975ರಲ್ಲಿ. 1989ರ ನಿಯಮಗಳು ಇಂಥ ಲಾರಿಗಳಿಗೆ ಒಣಗಿದ ಎಲೆಯ ಕಂದು ಬಣ್ಣ, ಬಿಳಿಯ ಅಂಚು, ವೃತ್ತದೊಳಗಿನ ಅಕ್ಷರಗಳನ್ನು ವಿಧಿಸಿದವು. ನಂಬರ್ ಪ್ಲೇಟನ್ನೂ ನೋಡಿ. ಮೈಸೂರು ರಾಜ್ಯದ ವಾಹನಗಳಲ್ಲಿ ‘ಎಂ.ವೈ.’ಯಿಂದ ಆರಂಭವಾಗುವ ಅಕ್ಷರಗಳಿದ್ದವು, 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು, ‘ಕೆ.ಎ.’ ಬಂದದ್ದು ಮಾತ್ರ 1989ರಲ್ಲಿ. ಹೀಗೆ ಒಂದು ಲಾರಿಯ ಮೈಮೇಲೆ ಐದಾರು ಕಾನೂನುಗಳು ಬರೆದಿರುತ್ತವೆ, ಪ್ರತಿಯೊಂದಕ್ಕೂ ಅದರದೇ ದಿನಾಂಕ. ನನ್ನ ದೃಶ್ಯದಲ್ಲಿದ್ದ ಲಾರಿ 1969ಕ್ಕೆ ಹಿಂದಿನ ನಕ್ಷತ್ರ ತೊಟ್ಟು, 1975ರ ನಂತರದ ಪರ್ಮಿಟ್ ಪಡೆದು, 1989ರ ಹಣೆಬರಹ ಹೊತ್ತು 1950ರ ದಶಕದಲ್ಲಿ ಓಡಾಡಿತು. ಅಂಥ ಲಾರಿ ಯಾವ ಕಾಲದಲ್ಲಿಯೂ ಹೊಸದಾಗಿ ರಸ್ತೆಗಿಳಿದಿರಲಿಲ್ಲ.

ಲಾಂಛನದ ಲೋಹದಲ್ಲೂ ಇತಿಹಾಸವಿದೆ. ವಿಜ್ಞಾನದ ವಿದ್ಯಾರ್ಥಿಯಾಗಿದ್ದವನಿಗೆ ಈ ಭಾಗ ಹೆಚ್ಚು ರುಚಿ. ಆ ಕಾಲದ ಅನೇಕ ಲಾಂಛನಗಳು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಒತ್ತಿ ಎರಕ ಹೊಯ್ದವು. ಅದರ ಮೇಲೆ ವಿದ್ಯುತ್ ಲೇಪನದಿಂದ ಮೊದಲು ತಾಮ್ರ, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮಿಯಂ. ಹೊಳಪೆಲ್ಲ ಕ್ರೋಮಿಯಮ್ಮಿನದು ಎಂದು ನಾವು ಭಾವಿಸುತ್ತೇವೆ. ಆದರೆ ಆ ಪದರ ಒಂದು ಮೈಕ್ರಾನಿಗಿಂತ ತೆಳು. ತುಕ್ಕನ್ನು ತಡೆಯುವ ನಿಜವಾದ ದುಡಿಮೆ ಅದರಡಿಯ ನಿಕ್ಕಲಿನದು. ನಿಕ್ಕಲ್ ತೆಳುವಾದರೆ ತೇವ ಒಳಹೊಕ್ಕು ಸತು ಕೊರೆದು ಬಿಳಿ ಬೊಕ್ಕೆಗಳು ಏಳುತ್ತವೆ. ಹಳೆಯ ಲಾಂಛನಗಳ ಮೈಯಲ್ಲಿ ಸಿಡುಬಿನ ಕಲೆಯಂತೆ ಕಾಣುವುದು ಇದೇ.

1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಅಮೆರಿಕದಲ್ಲಿ ನಿಕ್ಕಲ್, ತಾಮ್ರಗಳು ಯುದ್ಧ ಸಾಮಗ್ರಿಗೆ ಮೀಸಲಾದವು. ಆಗಿನ ವಾಹನಗಳಲ್ಲಿ ಕ್ರೋಮ್ ಅಲಂಕಾರ ಕಡಿಮೆಯಾಯಿತು. ಹೊಳೆಯಬೇಕಿದ್ದ ಭಾಗಗಳಿಗೆ ಬಣ್ಣ ಬಳಿದು ಕಳುಹಿಸಿದರು. ಆ ವರ್ಷಗಳ ಷೆವ್ರೊಲೆ ಲಾರಿ ಕೈಗೆ ಸಿಕ್ಕಿದಾಗ, ಬಣ್ಣ ಬಳಿದ ಭಾಗವನ್ನು ಕಂಡು "ಪಾಪ, ಯಾರೋ ಬಡವರು ಬಣ್ಣ ಹೊಡೆಸಿದ್ದಾರೆ" ಎಂದು ಮರುಗಿ ಕ್ರೋಮ್ ಹಾಕಿಸುವವರಿದ್ದಾರೆ. ಹೊಸ ಹೊಳಪು ಬರುತ್ತದೆ. ಯುದ್ಧದ ಗುರುತು ಅಳಿಯುತ್ತದೆ.

ಬಣ್ಣ ತುಂಬುವ ಕೆಲಸ ನೋಡಲು ಸರಳ, ಮಾಡಲು ಕಷ್ಟ. ಲೇಪನ ಮೊದಲು, ಬಣ್ಣ ಆಮೇಲೆ. ಲಾಂಛನದ ತಗ್ಗಿನಲ್ಲಿ ಜಿಡ್ಡಿನ ಅಂಶವಿಲ್ಲದಂತೆ ತೊಳೆದು, ತೆಳು ಕುಂಚದ ತುದಿಯಿಂದ ಎನಾಮೆಲ್ ಹನಿಯೊಂದನ್ನು ಇಟ್ಟರೆ ಮೇಲ್ಮೈ ಎಳೆತದಿಂದ ಅದು ತಾನೇ ಮೂಲೆಗಳಿಗೆ ಹರಿದು ಸಮವಾಗುತ್ತದೆ. ಕುಂಚ ಎಳೆದಾಡಬಾರದು. ಉಬ್ಬಿದ ಅಕ್ಷರಗಳ ಮೇಲೆ ಹರಿದ ಬಣ್ಣವನ್ನು, ಚಪ್ಪಟೆ ಹಲಗೆಗೆ ಬಿಗಿಯಾಗಿ ಸುತ್ತಿದ ಬಟ್ಟೆಗೆ ತುಸುವೇ ಥಿನ್ನರ್ ಸೋಕಿಸಿ ಒರೆಸುತ್ತಾರೆ. ಬಟ್ಟೆ ಸಡಿಲವಾಗಿದ್ದರೆ ತಗ್ಗಿನೊಳಗೆ ಇಳಿದು ತುಂಬಿದ್ದನ್ನೇ ಎತ್ತಿಬಿಡುತ್ತದೆ. ಇನ್ನೊಂದು ಎಚ್ಚರಿಕೆ. ಡ್ಯುಪಾಂಟ್ ಕಂಪೆನಿ 1923ರಲ್ಲಿ ತಂದ ಡ್ಯೂಕೊ ಬಗೆಯ ಬಣ್ಣ ಅದರಲ್ಲಿನ ದ್ರಾವಕ ಆರಿದೊಡನೆ ಗಟ್ಟಿಯಾಗುತ್ತದೆ. ಎನಾಮೆಲ್ ಹಾಗಲ್ಲ, ಗಾಳಿಯ ಆಮ್ಲಜನಕದೊಡನೆ ಕೂಡಿ ದಿನಗಟ್ಟಲೆ ಬಲಿಯುತ್ತದೆ. ಬಲಿಯದ ಎನಾಮೆಲ್ ಮೇಲೆ ಡ್ಯೂಕೊ ಬಿದ್ದರೆ ಅದರ ತೀಕ್ಷ್ಣ ಥಿನ್ನರ್ ಕೆಳಗಿನ ಪದರವನ್ನು ಕೆದಕಿ, ಇಡೀ ಮೈ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ.

ಹಾಗಾದರೆ ಸರಿಯಾದ ಬಣ್ಣ, ಸರಿಯಾದ ಬರಹ ಯಾವುದೆಂದು ತಿಳಿಯುವುದು ಹೇಗೆ? ಲಾರಿಯನ್ನೇ ಕೇಳಬೇಕು. ಹಳೆಯ ಬಣ್ಣವನ್ನು ಒಮ್ಮೆಲೇ ಕಿತ್ತೊಗೆಯುವ ಮೊದಲು, ಮರೆಯಲ್ಲಿರುವ ಒಂದು ಜಾಗದಲ್ಲಿ ರೂಪಾಯಿಯಗಲದ ವೃತ್ತವನ್ನು ನೀರು ಹಾಕಿ ಎಮರಿ ಕಾಗದದಿಂದ ಮೆಲ್ಲಗೆ ಉಜ್ಜುತ್ತಾರೆ. ಮಧ್ಯದಲ್ಲಿ ಲೋಹ, ಅದರ ಸುತ್ತ ಮೊದಲ ಬಣ್ಣ, ಅದರಾಚೆ ಎರಡನೆಯದು, ಮೂರನೆಯದು ಎಂದು ಮರದ ಕಾಂಡದ ಉಂಗುರಗಳಂತೆ ಪದರಗಳು ತೆರೆದುಕೊಳ್ಳುತ್ತವೆ. 1945ರ ನಂತರ ಸೇನೆ ವಿಲೇವಾರಿ ಮಾಡಿದ ಲಾರಿಗಳು ನಮ್ಮಲ್ಲಿ ಬಾಡಿಗೆಗೆ ಓಡಿದವು. ಅಂಥದ್ದಾದರೆ ತಳದಲ್ಲಿ ಸೇನೆಯ ಹಸಿರು ಸಿಗುತ್ತದೆ. ಅದೃಷ್ಟವಿದ್ದರೆ ಮಿತ್ರರಾಷ್ಟ್ರಗಳ ವಾಹನಗಳಿಗೆ ಗುರುತಾಗಿದ್ದ ಐದು ಮೊನೆಯ ಬಿಳಿ ನಕ್ಷತ್ರವೂ.

ಇಲ್ಲೊಂದು ಕಗ್ಗಂಟು ಉಂಟು. ವಿದೇಶದ ಸಂಗ್ರಾಹಕರು ‘ಕಾರ್ಖಾನೆಯಿಂದ ಹೊರಬಂದ ದಿನ ಇದ್ದಂತೆ’ ಎಂಬ ಅಳತೆಗೋಲು ಹಿಡಿಯುತ್ತಾರೆ. ನಮ್ಮ ಲಾರಿಗೆ ಅದು ಪೂರ್ತಿ ಒಗ್ಗದು. ನಮ್ಮಲ್ಲಿ ಬಹಳಷ್ಟು ಲಾರಿಗಳು ಕಾರ್ಖಾನೆ ಬಿಟ್ಟದ್ದು ಚಾಸಿ, ಎಂಜಿನ್, ಮೂತಿಯಷ್ಟೇ ಹೊತ್ತು. ಕ್ಯಾಬಿನ್, ಮರದ ಬಾಡಿ, ಹಣೆಯ ಮೇಲಿನ ‘ಶ್ರೀ ಮಂಜುನಾಥ ಪ್ರಸನ್ನ’, ಬಾಗಿಲ ಮೇಲಿನ ನವಿಲು, ಹಿಂದೆ ಮಕ್ಕಳ ಹೆಸರು, ಇವೆಲ್ಲ ಊರಿನ ಬಡಗಿ, ಪೇಂಟರುಗಳ ಕೆಲಸ. ಇದನ್ನು ಅಳಿಸಿ ಜರ್ಮನಿಯ ಪುಸ್ತಕ ನೋಡಿ ಬಣ್ಣ ಹೊಡೆದರೆ, ದುಡಿದ ಲಾರಿಯೊಂದು ಪ್ರದರ್ಶನದ ಬೊಂಬೆಯಾಗುತ್ತದೆ. 1962ರ ಲಾರಿಗೆ ಮಾಲೀಕರೇ 1970ರಲ್ಲಿ ನಕ್ಷತ್ರ ತೆಗೆಸಿ ‘ಟಿ’ ಹಾಕಿಸಿದ್ದರೆ ಆಗೇನು? ಅದಕ್ಕೆ ಸಾಕ್ಷಿಯಿದ್ದರೆ ‘ಟಿ’ಯೇ ಇರಲಿ ಎಂಬ ಪಕ್ಷ ನನ್ನದು. ಆದರೆ ಉಳಿದ ಬರಹವೂ 1970ರದೇ ಆಗಿರಬೇಕು. ಯಾವ ವರ್ಷವನ್ನಾದರೂ ಆರಿಸಿಕೊಳ್ಳಿ, ಒಂದನ್ನೇ ಆರಿಸಿಕೊಳ್ಳಿ.

ಕಾರುಗಳಿಗಾದರೆ ಆದರವಿದೆ, ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಾರುಗಳನ್ನು ನಿಮ್ಮಲ್ಲಿ ಹಲವರು ಪ್ರವಾಸಕ್ಕೆ ಹೋದಾಗ ನೋಡಿರುತ್ತೀರಿ. ಲಾರಿಯನ್ನು ಮಾತ್ರ ಓಡುವ ತನಕ ಓಡಿಸಿ ಆಮೇಲೆ ಗುಜರಿಗೆ ತೂಗಿ ಹಾಕುವುದು ರೂಢಿ. ಉಳಿದವು ಕೆಲವೇ ಆದ್ದರಿಂದ ಒಂದೊಂದರ ಮೈಮೇಲಿನ ಬರಹಕ್ಕೂ ಬೆಲೆಯಿದೆ.

ಕಾರ್ಡು ಬರೆದ ಚಾಲಕರ ಮಾತನ್ನು ನಾನು ಆ ಲಾರಿಯ ಮಾಲೀಕರಿಗೆ ತಿಳಿಸಿದೆ. ಅವರು ಬೇಸರಿಸಲಿಲ್ಲ, ಒಬ್ಬ ಹಳೆಯ ಪೇಂಟರನ್ನು ಕರೆಸಿ ಹಣೆಯ ಬಣ್ಣವನ್ನು ಪದರ ಪದರವಾಗಿ ಇಳಿಸಲು ಹೇಳಿದರು. ಮೂರನೆಯ ಪದರದಡಿ, ಮಾಸಿದ ಹಳದಿಯಲ್ಲಿ, ‘ಪಬ್ಲಿಕ್ ಕ್ಯಾರಿಯರ್’ ಕಾಣಿಸಿತು. ಪೇಂಟರು ಅದರ ಮೇಲೆ ಬಟರ್ ಪೇಪರ್ ಇಟ್ಟು ಪೆನ್ಸಿಲಿನಲ್ಲಿ ನಕಲು ತೆಗೆದರು, ಸುಣ್ಣದ ಪುಡಿ ಸವರಿದ ದಾರ ಮಿಡಿದು ಗೆರೆ ಹಾಕಿ, ಅದೇ ಅಳತೆಯಲ್ಲಿ ಮತ್ತೆ ಬರೆದರು. ಪಕ್ಕದಲ್ಲಿ ಆರ್.ಎಲ್.ಡಬ್ಲ್ಯೂ. ಅಕ್ಷರಗಳೂ ಮುಂದಿನ ಮೂರು ಅಂಕಿಗಳೂ ಸಿಕ್ಕವು. ಕೊನೆಯ ಅಂಕಿಗಳ ಜಾಗದಲ್ಲಿ ತುಕ್ಕು ತಗಡನ್ನೇ ತಿಂದಿತ್ತು. "ಒಂದು ಸೊನ್ನೆ ಎರಡು ಸೊನ್ನೆ ಹಾಕಿಬಿಡಲೇ?" ಎಂದು ಪೇಂಟರು ಕೇಳಿದರು. ಮಾಲೀಕರು ಬೇಡವೆಂದರು. ಆ ಜಾಗ ಈಗಲೂ ಖಾಲಿಯಿದೆ.